ಮುಳುಗಿದ ನಗರಗಳು: ಪುರವಣಿ ಸಂಪುಟ

ಎರಡು ಸಾವಿರದ ಏಳುನೂರು ರೂಪಾಯಿ.
ಐದು ಮಂದಿ ಕೂಡಿ ಪಟ್ಟಿ ಹಾಕಿದ್ವಿ.
ಯಮನೂರ ತನ್ನ ಪಾಲು ಚಿಲ್ಲರೆಯೊಳಗ ಕೊಟ್ಟ,
ಪಾನ್ ಅಂಗಡಿಯಂವ, ಎಣಿಸಾಕ ಅರ್ಧ ತಾಸು ಹಿಡೀತು.
ಹುಬ್ಬಳ್ಳಿಯಿಂದ ಕೊರಿಯರ್ ಬರೂವಾಗ
ನವನಗರದ ಝೆರಾಕ್ಸ್ ಅಂಗಡಿ ಮಾಳಿಗಿ ಮ್ಯಾಲ
ದಾಳ ಎಲ್ಲಾ ತೊಳೆದಿಟ್ಟಿದ್ವಿ, ಹಬ್ಬದ ಹಂಗ.

ಮುಖಪುಟ ನೋಡಬೇಕ್ರಿ, ಅದೇನ್ ಮುಖಪುಟ!
ಹಸಿರು ನೀರು, ವಾಲಿದ ಗೋಪುರ,
ಎಂಟು ತೋಳಿನ ರಾಣಿ, ಕೈಗೊಂದು ದೀಪ.
ತಬಸ್ಸುಮ್ ಅದರ ಮ್ಯಾಲ ಬೆರಳಾಡಿಸಿ
"ಇದರೊಳಗ ನಾ ಸಾಯಾಕೂ ತಯಾರ" ಅಂದ್ಲು.
ಆಕಿ ಮಂತ್ರಗಾತಿ; ಹೋದ ತಿಂಗಳಷ್ಟ ಒಮ್ಮೆ ಸತ್ತಿದ್ಲು.

ಒಳಗ?
ಮೊದಲ ನಲವತ್ತು ಪುಟ ಹಳೇ ಪುಸ್ತಕದ್ದ,
ಅದ ನಿಯಮ, ಅದ ತಪ್ಪು, ಅಕ್ಷರ ಅಷ್ಟ ದಪ್ಪ.
ಆಮ್ಯಾಲ ಮೀನಿನ ಜಾತಿ.
ಆಮ್ಯಾಲ ಈಟಿ, ಹನ್ನೊಂದು ನಮೂನಿ,
ಹನ್ನೊಂದೂ ಒಂದ ಆಳಕ್ಕ ಚುಚ್ಚತಾವ.
ಊರಿನ ಬಜಾರಕ್ಕ ಬಂದ್ರ ಒಂದ ಸಾಲು:
"ಇಲ್ಲಿ ಅಂಗಡಿಗಳಿರಬಹುದು. ವಿವರ ನಿಮ್ಮ ಕಲ್ಪನೆಗೆ ಬಿಟ್ಟದ್ದು."
ನಮ್ಮ ಕಲ್ಪನಾ ನಮ್ಮ ಹಂತೇಕ ಪುಕ್ಕಟ ಇತ್ತಲ್ಲೋ ಮಾರಾಯಾ!
ಮದವಿ ಊಟಕ್ಕ ಕರದು
ಪತ್ರಾವಳಿ ತೋರಿಸಿ ಕಳಿಸಿದಂಗಾತು.

ನಾ ಆಟ ನಡಸಾಂವ. ಸುಮ್ನಿರಬೇಕು.
ಆದ್ರ ನಾ ಹುಟ್ಟಿದ ಓಣಿ ಘಟಪ್ರಭೆಯ ಹಿನ್ನೀರಿನ ಕೆಳಗೈತಿ,
ಊರು ಹೆಂಗ ಮುಳುಗತೈತಿ ಅಂತ ಒಂದೀಟ ಗೊತ್ತು.
ರಾಣಿ ಬರೂದಿಲ್ಲ. ಮೊದಲ ಒಬ್ಬ ಸರ್ವೇದಂವ ಬರ್ತಾನ,
ಗ್ವಾಡಿ ಮ್ಯಾಲ ಕೆಂಪು ಬಣ್ಣದಾಗ ನಂಬರ ಬರೀತಾನ.
ಆಮ್ಯಾಲ ಚೌಕಟ್ಟು ಕೀಳತಾರ, ತೊಲಿ ಇಳಸ್ತಾರ,
ಬಾಗಿಲಾ ಟ್ರ್ಯಾಕ್ಟರಿನ್ಯಾಗ ಅಂಗಾತ ಮಲಗಿ ಸೆಕ್ಟರಿಗೆ ಬರ್ತಾವ.
ನೀರು ಬರೂದು ಕಟ್ಟಕಡೀಗೆ,
ಅದೂ ಗದ್ಲಾ ಇಲ್ಲದ, ಒಂದೊಂದ ಮೆಟ್ಟಲಾ.
ಮುಳುಗಿದ ಊರಿನ್ಯಾಗ ಮೊದಲ ಯಾರೋ ಇದ್ರು ಅನ್ನೂದು
ನೂರಾ ಅರವತ್ತು ಪುಟ ಬರದಾಂವಗ ಹೊಳದಿಲ್ಲ.

"ವಾಪಸ್ ಕಳಸು," ಅಂದ ಯಮನೂರ.
"ಸೀಲ್ ಒಡದೈತಿ," ಅಂದ ಪ್ರಭಯ್ಯ.
ಹುಲಿಗೆವ್ವ ಅದನ್ನ ಚಾ ಕಪ್ಪಿನ ಕೆಳಗ ಇಟ್ಟಳು;
ರಾಣಿಯ ಮೂಗಿನ ಮ್ಯಾಲ ಒಂದು ಗುಂಡನ ಕಲಿ.

ಹಂಗ ಎರಡು ರವಿವಾರ.
ಮೂರನೇದ್ದಕ್ಕ, ಬ್ಯಾಸರಕ್ಕ, ತಿರುವಿದೆ.
ಪುಟ ನೂರಾ ನಲವತ್ತೆಂಟು, ಕೆಳಗ, ಸಣ್ಣ ಅಕ್ಷರ:
ತೇಲಿ ಬರೂ ವಸ್ತುಗಳ ಕೋಷ್ಟಕ, ಹನ್ನೆರಡು ಮುಖದ ದಾಳ.
ಹಲಗಿ. ಹಗ್ಗ. ಹಲಗಿ. ಸತ್ತ ಮೀನು.
ಏಳನೇದ್ದು:
"ಹಾಕಿದ ಬೀಗ. ಬಾಗಿಲು ಎಲ್ಲೂ ಇಲ್ಲ."

ಯಾರು ಬರದ್ರೋ ಅದನ್ನ.
ಪಗಾರ ಕಡಿಮಿ ಇದ್ದ ಯಾರೋ ಒಬ್ಬರು,
ನಡುರಾತ್ರಿ ಕೋಷ್ಟಕ ತುಂಬಸಾಕ ಕುಂತವರು.

ರಟ್ಟಿನ ಮರಿಯಾಗ ದಾಳ ಒಗದೆ. ಸತ್ತ ಮೀನು ಬಿತ್ತು.
ಏಳು ಅಂತ ಸುಳ್ಳು ಹೇಳಿದೆ.
"ಬೀಗ ತೇಲತೈತೇನಲೇ?" ಯಮನೂರ ಕೇಳಿದ.
"ಸುಮ್ಮ ಕುಂದ್ರು," ಅಂದ ತಬಸ್ಸುಮ್
ಕೀಲಿ ಹುಡುಕಾಕ ನೀರಿಗಿಳಿದ್ಲು.
ಐದು ರವಿವಾರ ಹುಡುಕಿದ್ವಿ.

ಕಡೀ ಪುಟದಾಗ ಜಾಹೀರಾತು:
ಮುಂದಿನ ಸಂಪುಟ ಬೆಟ್ಟದ ಕೋಟೆಗಳು, ಮೂರು ಸಾವಿರ.
"ಬಾದಾಮಿ ಬಸ್ಸು ನಮಗ ಪುಕ್ಕಟೈತಿ," ಅಂದ್ಲು ಹುಲಿಗೆವ್ವ,
"ಹೋಗಿ ಬೆಟ್ಟಾನ ನೋಡಿ ಬರೂಣು, ಪುಸ್ತಕ ಯಾಕ?"
ಖರೇ ಅಂದ್ವಿ. ಎಲ್ಲಾರೂ ಖರೇ ಅಂದ್ವಿ.
ಯಮನೂರ ಆಗಲೇ ಚಿಲ್ಲರೆ ಎಣಿಸಾಕತ್ತಿದ್ದ.