ಗುಲಗಂಜಿ

ರಾತ್ರಿ ಹತ್ತಕ್ಕ ಬಾಗಲಾ ಬಡದ ಹವಾಲ್ದಾರ:
"ಪತ್ತಾರ, ತಕ್ಕಡಿ ತಗೊಂಡ ನಡಿ."
ಯಾಕ ಅಂತ ಕೇಳಲಿಲ್ಲ ನಾನು.
ಬನಹಟ್ಟಿಯೊಳಗ ಎರಡು ಸಲ ಪಂಚ ಆದಾಂವ,
ಒಮ್ಮೆ ಲಾರಿ ಗುದ್ದಿದ್ದಕ್ಕ, ಒಮ್ಮೆ ಬಾವ್ಯಾಗಿನ ಹೆಣಕ್ಕ.
ತೂಗೂ ಪಂಚ ಆಗಿದ್ದು ಅದ ಮೊದಲು.

ಮಗ್ಗದ ಶೆಡ್ಡು. ಹನ್ನೆರಡೂ ಮಗ್ಗ ಬಂದಾಗಿದ್ವು,
ಆ ಸಪ್ಪಳ ಇಲ್ಲದ್ದು ಕಿವಿಗೆ ಬಡೀತಿತ್ತು.
ನೆಲದ ಮ್ಯಾಲ ಗುರುಪಾದ, ಬನೀನಿನ ತುಂಬ ಹತ್ತೀ ಧೂಳು,
ಮುಂದ ಕರೀ ಪ್ಲಾಸ್ಟಿಕ್ ಚೀಲ.
ಹಸೀ ದಂಟು, ಬೀಜ, ಎಲಿ,
ಮಳಿ ನಿಂತ ಬದುವಿನಂಥ ವಾಸನಿ.

ನನ್ನ ತಕ್ಕಡಿ ಮೂಗುತಿ ತೂಗುವಂಥಾದ್ದು.
ಐದು ಪಾಲು ಮಾಡಿ ಇಟ್ಟೆ. ಚೀಲಾನೂ ಇಟ್ಟೆ.
ಸಾವಿರದ ಹದಿನೆಂಟು ಗ್ರಾಮು.
ಸಾವಿರದ ಈಚಿಗೆ ಒಂದು ಕಲಮು, ಆಚಿಗೆ ಇನ್ನೊಂದು,
ನನಗದು ಗೊತ್ತಿರಲಿಲ್ಲ.
ಗೊತ್ತಿರಲಿಲ್ಲ ಅನ್ನೂದೂ ಪೂರಾ ಖರೇ ಅಲ್ಲ:
ಸಾಹೇಬರ ಮುಖ ಅರಳಿದ್ದು ಕಂಡಿದ್ದೆ.

ಬಂಗಾರ ಮಾರಾಕ ಬಂದವರ ಮುಂದ ನಾ ಏನ ಮಾಡ್ತೀನಿ?
ಅರಗು ಕಳೀತೀನಿ, ಹರಳು ಕಳೀತೀನಿ,
ದಾರ ಕಳೀತೀನಿ, ಬೆವರಿನ ಜಿಡ್ಡು ಸುದ್ದಾ.
ಶ್ರಾವಣದಾಗ ಇದ ಗುರುಪಾದ ತಂದ ಬೆಂಡೋಲಿ
ಅವನ ಅಕ್ಕ ದಾನವ್ವಂದು ಅಂತ ನೋಡಿದ ಕೂಡಲೆ ತಿಳೀತು.
ಅಕಿ ಮದುವಿಗೆ ನಾನ ಮಾಡಿದ್ದವು.
ತೂಗಿದೆ, ಸವಕಳಿ ಕಳದೆ, ರೊಕ್ಕ ಎಣಿಸಿ ಕೊಟ್ಟೆ.
ಅವರವರ ಬಂಗಾರ, ಅವರವರ ಇಚ್ಛಾ,
ಅಂಗಡಿಯಾಂವ ಕೇಳಬಾರದು.
ಆ ರಾತ್ರಿ ಮಾತ್ರ ಏನೂ ಕಳೀಲಿಲ್ಲ.

ಪೊಲೀಸರಿಗೆ ಫೋನ್ ಹಚ್ಚಿದಾಕಿ ದಾನವ್ವನ.
ದವಾಖಾನಿಗೆ ಒಯ್ತಾರ ಅಂತ ತಿಳದಿದ್ಲು.

ಜಮಖಂಡಿ ಕೋರ್ಟಿನ್ಯಾಗ ವಕೀಲರು ಕೇಳಿದ್ರು,
"ನಿಮ್ಮ ತಕ್ಕಡಿಗೆ ಮುದ್ರಿ ಬಿದ್ದತೇನು?"
ಬಿದ್ದತ್ರಿ, ವರ್ಷಾ ಬೀಳತೈತಿ.
"ತೂಕ ಬರೋಬ್ಬರಿ?"
ಬರೋಬ್ಬರಿ.
ಅಲ್ಲಿಗೆ ಮುಗೀತು. ಹೊರಗ ಬಂದರ
ಎದುರಿನ ದಾರೂ ಅಂಗಡಿ ಆಗಷ್ಟ ಕದಾ ತಗದಿತ್ತು,
ಬೋರ್ಡಿನ ಮ್ಯಾಲ ಸರಕಾರದ ಹೆಸರು, ಮುಂದ ಪಾಳಿ.
ನಾ ಅಂಗೈಯಾಗ ತಂಬಾಕ ತಿಕ್ಕೊಂತ ನಿಂತೆ.
ಹದಿನಾರು ಸಲ ಬಿಟ್ಟಾಂವ ನಾನು.

ಹಂಗಂತ ಗುರುಪಾದನ್ನ ಬಿಟ್ಟುಬಿಡ್ರಿ ಅನ್ನಾಕೂ ಬಾಯಿ ಬರವಲ್ದು.
ತನ್ನ ಪಾಲು ಸಾಗಬೇಕಂತ ಚಿಟಿಕಿ ಚಿಟಿಕಿ ಮಾರತಿದ್ದ,
ತಗೊಂಡವರಾಗ ಒಬ್ಬಾಂವ ಹತ್ತನೇತ್ತಾ ಹುಡುಗ.
ಮೊದಲನೇ ಚಿಲುಮಿ ಎತ್ತಿದ ಕೈ ಗುರುಪಾದಂದು, ಖರೇ.
ರಾತ್ರಿ ಪಾಳಿ, ಕಿವಿಯೊಳಗ ನಿಲ್ಲದ ಲಾಳಿ,
ಮುಂಜಾನೆ ಮಲಗಿದ್ರ ಕಣ್ಣಿಗೆ ಕಣ್ಣು ಹತ್ತತಿರಲಿಲ್ಲ.
ಸಾವಿರದ ಚಿಲುಮಿ ಎತ್ತಿದ ಕೈ ಯಾರದು?
ಅದನ್ನ ತೂಗೂ ಬಟ್ಟು ನನ್ನ ಕಡೆ ಇಲ್ಲ.
ಕೋರ್ಟಿನ ಕಡೆ ಐತೇನು, ನಾ ಕಾಣೆ.

ನಮ್ಮಪ್ಪನ ತಗಡಿನ ಡಬ್ಬಿಯೊಳಗ ಹಳೇ ಗುಲಗಂಜಿ ಅದಾವು.
ಗ್ರಾಮು ಬರೂಕಿಂತ ಮೊದಲು ಅವ ನಮ್ಮ ಬಟ್ಟು.
ಕೆಂಪನ್ನ ಕೆಂಪು, ಬೆನ್ನಿಗೆ ಕಪ್ಪು, ತಿರುಳಾಗ ವಿಷ.
ಮೂರು ತಲಿ ನಾವು ವಿಷದಿಂದ ಬಂಗಾರ ತೂಗಿದವರು.
ತನ್ನ ಕಪ್ಪು ತನಗ ಕಾಣೂದಿಲ್ಲಂತ ಗುಲಗಂಜಿಗೆ,
ಅಪ್ಪ ನಗತಿದ್ದ.

ಹನ್ನೊಂದು ತಿಂಗಳಿಗೆ ಜಾಮೀನಿನ ಮ್ಯಾಲ ಬಂದ ಗುರುಪಾದ.
ಬೆಂಡೋಲಿ ಕೇಳಿದ. ಕರಗಿಸಿದೆ ಅಂದೆ.
ಯಾರ ಕೊರಳಾಗ, ಯಾರ ಬೆರಳಾಗ ಸೇರಿತೋ.
ಹೊಳ್ಳಿ ಹೊಂಟಾಂವ ಹೊಸ್ತಿಲದಾಗ ನಿಂತ:
"ಮಾಮಾ, ಆ ಚೀಲ ಎಷ್ಟ ಇತ್ತು?"

ಅಂಥಾದ್ದ ಒಂದು ಚೀಲ ಆ ರಾತ್ರಿನ ಮನಿಗೆ ಬಂದು ತೂಗಿದ್ದೆ.
ಇಪ್ಪತ್ತೆರಡು, ಅಂದೆ.
ಅಂವ ಬೆರಳು ಮಡಚಿ ಲೆಕ್ಕಾ ಹಾಕಿದ.
ಸಿಟ್ಟಾಗಲಿಲ್ಲ. ಡಬ್ಬಿಯಾಗಿಂದ ಒಂದು ಗುಲಗಂಜಿ ಎತ್ತಿ
ಖಾಲಿ ತಕ್ಕಡಿಯೊಳಗ ಇಟ್ಟ.
ಆ ಪರಡಿ ಅಷ್ಟಕ್ಕ ಬಾಗಿತು.