ಮೂರನೇ ಕೋಟ್

ಗೋಡೆ ಬಿಳಿಯನ್ನು ಒಪ್ಪುವುದಿಲ್ಲ ಎಂದು
ಮೊದಲು ಕಂಡವನು ನಾನಲ್ಲ, ಸಂಶು.
ಪುಟ್ಟಿ ಒಂದು ಸಲ, ಪ್ರೈಮರ್ ಎರಡು ಸಲ,
ಮೇಲೆ ಕಂಪೆನಿಯವರು ಏಳು ವರ್ಷದ ಗ್ಯಾರಂಟಿ ಕೊಟ್ಟ ಬಿಳಿ.
ಬೆಳಿಗ್ಗೆ ಬಂದು ನೋಡಿದರೆ
ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ
ಸಾಲಾಗಿ ಕಂದು ಕಲೆ,
ಒಂದರಿಂದ ಇನ್ನೊಂದಕ್ಕೆ
ಒಂದು ಮಣೆ ಇಡುವಷ್ಟೇ ಜಾಗ.

ಡ್ಯಾಂಪು, ಎಂದೆ,
ಇಪ್ಪತ್ತಾರು ವರ್ಷದ ಅನುಭವದ ಮೇಲೆ.
ಸಂಶು ಬಗ್ಗಿ ಮೂಸಿದ:
ಡ್ಯಾಂಪಿಗೆ ಹೀಗೆ ಪರಿಮಳ ಉಂಟಾ ಬಾಸ್?

ಟೆಂಡರಿನಲ್ಲಿ ಎಲ್ಲ ಇತ್ತು.
ಜೆಪ್ಪು, ಹಳೆಯ ಗೇರುಬೀಜದ ಕಾರ್ಖಾನೆ,
ಹಂಚಿನ ಮಾಡು, ಮುರಕಲ್ಲಿನ ಗೋಡೆ, ಕಿಟಕಿ ಹದಿನೆಂಟು.
ಇನ್ನು ಸಮುದಾಯ ಭವನ:
ಮದುವೆಗೆ ಮುನ್ನೂರು ಕುರ್ಚಿ, ಶನಿವಾರ ಮಕ್ಕಳಿಗೆ ಕರಾಟೆ,
ಬಿ.ಪಿ. ನೋಡಲು ಒಂದು ಮೂಲೆ,
ಹುರಿಯುವ ಡ್ರಮ್ಮು ಉರಿಯುತ್ತಿದ್ದಲ್ಲಿ
ನಾಲ್ಕು ಏಸಿ.
ಗೋಡೆಗೆ ಬೆನ್ನು ಕೊಟ್ಟು ಕೂತವರು ಯಾರು ಎಂಬುದಕ್ಕೆ
ಕಾಲಂ ಇರಲಿಲ್ಲ.

ಆರ್ಕಿಟೆಕ್ಟ್ ಲವಿಟಾ ಹೇಳಿದರು,
ಸುಣ್ಣವನ್ನೇ ಬಳಿಯಿರಿ, ಗೋಡೆ ಉಸಿರಾಡಲಿ.
ಸಮಿತಿಯ ಶೀನ ಬಂಗೇರರು ಹೇಳಿದರು,
ಉಸಿರಾಡಿದ್ದು ಸಾಕು, ಪ್ಯಾನೆಲ್ ಹೊಡೆದು ಮುಚ್ಚಿ.
ನಾನು ಇಬ್ಬರಿಗೂ ಆಯ್ತು ಎಂದೆ.
ಬಿಲ್ಲು ಪಾಸಾಗಬೇಕಲ್ಲ.

ಪೂವಕ್ಕ ಬಂದದ್ದು ಖಾಲಿ ಬಕೆಟ್ ಕೇಳಿಕೊಂಡು,
ಮಲ್ಲಿಗೆ ಗಿಡ ನೆಡಲಿಕ್ಕೆ.
ಬಾಗಿಲಲ್ಲೇ ನಿಂತವರು
ಮತ್ತೆ ಒಳಗೆ ಬಂದು ಎಣಿಸುತ್ತ ಹೋದರು,
ಹನ್ನೊಂದನೇ ಕಲೆಯ ಎದುರು ನಿಂತರು.
ಕೂರಲಿಲ್ಲ. ಮೊಣಗಂಟು ಬಿಡುವುದಿಲ್ಲ.
ಇದು ನಾನು, ಎಂದರು,
ಈಚೆ ಸೆವ್ರಿನ್ ಬಾಯಿ. ಆಚೆ ಬೀಪಾತು,
ಎಂಟು ತಿಂಗಳ ಹೊಟ್ಟೆ ಹೊತ್ತುಕೊಂಡು ಬೀಜ ಒಡೆದವಳು,
ಹೆರಿಗೆಗೂ ಇಲ್ಲಿಂದಲೇ ಹೋದವಳು.

ಅಂಗೈ ಬಿಡಿಸಿ ತೋರಿಸಿದರು.
ಕೆಲಸ ನಿಂತು ಇಪ್ಪತ್ತೆರಡು ವರ್ಷವಾದರೂ
ಗೇರೆಣ್ಣೆ ತಿಂದ ಬೆರಳಲ್ಲಿ ಗೆರೆ ಬಂದಿಲ್ಲ.
ಹೆಬ್ಬೆಟ್ಟಿನ ಯಂತ್ರ ಕೆಂಪು ದೀಪ ತೋರಿಸುತ್ತದೆ.
ರೇಷನ್ ಅಂಗಡಿಯಲ್ಲಿ ನಾನು ನಾನಲ್ಲ ಮಾರಾಯಾ,
ಎಂದು ನಕ್ಕರು.
ನನ್ನ ಏಳು ವರ್ಷದ ಗ್ಯಾರಂಟಿಯ ಡಬ್ಬ
ಅಲ್ಲೇ ಬಾಯಿ ತೆರೆದು ಕೂತಿತ್ತು.

ಬೂದಿ ಹಾಕಿ ಉಜ್ಜಬೇಕು,
ನಾವು ಕೈ ತೊಳೆಯುತ್ತಿದ್ದದ್ದು ಹಾಗೆ.
ಬೂದಿ ಈಗ ಎಲ್ಲಿ? ಊರಿಗೆಲ್ಲ ಗ್ಯಾಸು.
ಸಂಶು ಬೇಕರಿಯ ಹಿಂಬಾಗಿಲಿಂದ
ಸಿಮೆಂಟು ಚೀಲದಲ್ಲಿ ತಂದ.
ಎರಡು ದಿನ ಉಜ್ಜಿದೆವು.
ಪೂವಕ್ಕ ಬಕೆಟ್ ಮಗುಚಿ ಕೂತು
ಇಲ್ಲಿ, ಇನ್ನೂ ಇಲ್ಲಿ, ಎನ್ನುತ್ತಿದ್ದರು,
ಮಗುವಿನ ಕಿವಿಯ ಹಿಂದೆ ತೊಳೆಸುವ ಹಾಗೆ.
ಮೇಲೆ ಸುಣ್ಣ, ಮೂರನೇ ಕೋಟ್.
ಹಿಡಿಯಿತು.

ಉದ್ಘಾಟನೆ ಮೇ ತಿಂಗಳಲ್ಲಿ.
ಎರಡನೇ ಭಾಷಣದ ನಡುವೆ ಕರೆಂಟು ಹೋಯಿತು.
ಏಸಿ ನಿಂತದ್ದೇ
ಜನ ಕುರ್ಚಿ ಬಿಟ್ಟೆದ್ದು ಕಿಟಕಿಗೆ, ಗೋಡೆಗೆ.
ಮುರಕಲ್ಲು ತಂಪಲ್ಲವೇ,
ವೇದಿಕೆಯಿಂದ ಇಳಿದು ಬಂಗೇರರೂ ಒರಗಿ ನಿಂತರು,
ಆಮಂತ್ರಣ ಪತ್ರಿಕೆಯಲ್ಲಿ ಗಾಳಿ ಹಾಕಿಕೊಳ್ಳುತ್ತ.
ಕರೆಂಟು ಬಂತು. ಅವರು ತಿರುಗಿ ನಡೆದರು.
ಬಿಳಿ ಪಂಚೆಯ ಹಿಂದೆ
ಒಂದು ಅಂಗೈಯಷ್ಟು ಕಂದು.

ಯಾರೂ ಹೇಳಲಿಲ್ಲ.
ಸಂಶು ನನ್ನನ್ನು ನೋಡಿದ, ನಾನು ಮಾಡು ನೋಡಿದೆ.
ಹಿಂದಿನ ಸಾಲಿನಲ್ಲಿ ಪೂವಕ್ಕ ಮಾತ್ರ
ಬೆರಳು ಮಡಚಿ ಎಣಿಸಿ
ಪಕ್ಕದವಳ ಕಿವಿಗೆ ಬಗ್ಗಿದರು:
ಏಳನೆಯದು. ರುಕ್ಕುವಿನ ಜಾಗ ಅದು.
ಅವಳಿಗೆ ಬೋನಸ್ ಬಾಕಿ ಉಂಟು.