ಎಂಜಿನ್ ನಂಬರಿನ ಕಾಲಂ

ನಿಮ್ಮ ಫಾರಂ ಸಿಕ್ಕಿತು ಮಾರಾಯ್ರೇ.
ನಾಲ್ಕು ಪುಟ. ಮೂರು ತುಂಬಿಸಿದ್ದೇನೆ,
ಬಂದರಿನ ನನ್ನ ಲೇತಿನ ಪಕ್ಕ ಕೂತು.
ಕೈಯ ಗ್ರೀಸು ಅಲ್ಲಲ್ಲಿ ತಾಗಿದೆ, ಬೇಜಾರು ಮಾಡಬೇಡಿ.

ತಯಾರಾದ ದೇಶ: ಇಟಲಿ. ಅದು ನಿಮಗೇ ಗೊತ್ತುಂಟು.
ಬಣ್ಣ: ಕೆಂಪು. ಹಂಚಿನ ಧೂಳೂ ಕೆಂಪೇ,
ಯಾವುದು ಯಾವುದೆಂದು
ಉಗುರಿನಲ್ಲಿ ಕೆರೆದು ನೋಡಬೇಕು.
ಸ್ಟಿಯರಿಂಗ್: ಬಲಕ್ಕೆ.
ನಮ್ಮ ರಸ್ತೆಗೆಂದೇ ಮಾಡಿ ಕಳಿಸಿದ ಹಾಗೆ.

ಅಲ್ಲಿ ಎಷ್ಟು ಓಡಿತೆಂದು ನೀವೇ ಬರೆದಿದ್ದೀರಿ:
ಹಗಲೊಂದು ಇರುಳೊಂದರ ಓಟ, ಇಬ್ಬರು ಚಾಲಕರು, ಪಾಳಿಯಲ್ಲಿ;
ಹತ್ತೊಂಬತ್ತನೆಯ ಗಂಟೆಗೆ
ಎಣ್ಣೆಯ ಪೈಪು ಒಡೆದು ನಿಂತಿತೆಂದು.
ಅದರ ಮುಂದೆ ಒಂದು ಸೊನ್ನೆ ಹಾಕಿದ್ದೀರಿ.

ಇಲ್ಲಿಗೆ ಬಂದದ್ದು ಹೀಗೆ.
ಹಂಚಿನ ಕಾರ್ಖಾನೆಯ ಲಾಸ್ರಾದೊ ಧಣಿಗಳು
ಮಗ ಬೊನವೆಂಚರನನ್ನು ಮಿಲಾನಿಗೆ ಕಳಿಸಿದ್ದು
ಹಂಚು ಒತ್ತುವ ಯಂತ್ರ ತರಲಿಕ್ಕೆ.
ಎಂಟು ತಿಂಗಳ ಮೇಲೆ
ಹಡಗಿನಿಂದ ಮಂಜಿಗೆ, ಮಂಜಿಯಿಂದ ಧಕ್ಕೆಗೆ
ಇಳಿದ ಪೆಟ್ಟಿಗೆಯಲ್ಲಿ ಒತ್ತುವಂಥದ್ದು
ಒಂದೇ ಇತ್ತು, ಆಕ್ಸಿಲರೇಟರು.

ಧಣಿಗಳು ಮೂರು ದಿನ ಮಾತಾಡಲಿಲ್ಲ.
ನಾಲ್ಕನೆಯ ದಿನ ಬೊನವೆಂಚರ
ಪಂಥ ಕಟ್ಟಿ ಉಡುಪಿಗೆ ಹೊರಟ.
ಸೇತುವೆಗಳು ಇನ್ನೂ ಆಗದ ಕಾಲ.
ಹೊಳೆ ಬಂದಲ್ಲೆಲ್ಲ
ಎರಡು ದೋಣಿ ಜೋಡಿಸಿದ ಹಲಗೆಯ ಮೇಲೆ
ಎಮ್ಮೆ, ಮೀನಿನ ಬುಟ್ಟಿ, ಒಬ್ಬಳು ಮದುಮಗಳು, ಈ ಕಾರು.
ಗಾಳಿಯ ಹಾಗೆ ಹೋಗುವುದು,
ಹೊಳೆಬದಿಯಲ್ಲಿ ಒಂದು ಗಂಟೆ ಕೂರುವುದು.
ಪಂಥದ ಗೆಳೆಯ ಕಾದು ಬೇಸತ್ತು
ಸಿನಿಮಾಕ್ಕೆ ಹೋಗಿಬಿಟ್ಟಿದ್ದನಂತೆ.
‘ಭಾಗವಹಿಸಿದ ಓಟಗಳು’ ಎಂಬಲ್ಲಿ ಇದನ್ನೂ ಸೇರಿಸಿದ್ದೇನೆ.
ಸ್ಥಾನ: ಸರ್ವಿಸ್ ಬಸ್ಸಿನ ಜೊತೆಗೆ.

ಮುಂದೆ ಕಾರ್ಖಾನೆ ಮುಚ್ಚಿತು. ಕಾರು ಶೆಡ್ಡಿನಲ್ಲಿ ಉಳಿಯಿತು.
ಎಂಜಿನ್ ಮಾತ್ರ
ಬೆಂಗ್ರೆಯ ದೇಜಪ್ಪ ಕುಂದರರ ದೋಣಿಗೆ.
ಕೂಡಿಸಿದವರು ನನ್ನ ಮಾವ ಪೊಡಿಯಬ್ಬ, ಇದೇ ಲೇತಿನಲ್ಲಿ.
ಪೆಟ್ರೋಲಿನಲ್ಲಿ ಬೆಳೆದ ಮಗುವಿಗೆ
ಚಿಮಿಣಿ ಎಣ್ಣೆ ಕುಡಿಯಲು ಕಲಿಸಿದರು.
ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಬೇಕಿತ್ತು;
ಮಾಮಿಯ ಬಚ್ಚಲಿನ ತಾಮ್ರದ ಹಂಡೆ
ಒಂದು ಬೆಳಗ್ಗೆ ಕಾಣೆಯಾಯಿತು.
ಮಾಮಿ ಸಾಯುವ ತನಕ ಆ ಕಳ್ಳನಿಗೆ ಶಾಪ ಹಾಕಿದರು.
ಪ್ರತಿ ಸಲವೂ ಮಾವ, ತಲೆ ತಗ್ಗಿಸಿ, ಆಮೀನ್.

ಹನ್ನೊಂದು ವರ್ಷ.
ಸಂಜೆ ಅಳಿವೆ ದಾಟಿದರೆ
ಬಂಗುಡೆ ಸಿಕ್ಕಿದ ಮೇಲೆಯೇ ವಾಪಸು.
ಚುಕ್ಕಾಣಿಗೆ ಇಬ್ಬರು, ಪಾಳಿಯಲ್ಲಿ.
ಹತ್ತೊಂಬತ್ತನೆಯ ಗಂಟೆ ಎಷ್ಟು ಸಲ ದಾಟಿತೋ,
ಬಾವುಟ ಹಿಡಿದು ನಿಂತವರು ಯಾರೂ ಇರಲಿಲ್ಲ.
ದೂರದಿಂದ ಅದರ ಕೂಗು ಕೇಳಿದರೆ
ದಡದ ಹೆಂಗಸರು ಸೆರಗು ಸಿಕ್ಕಿಸಿ
ಬುಟ್ಟಿ ಹಿಡಿದು ಏಳುತ್ತಿದ್ದರು.

ಮಳೆಗಾಲ ಕಳೆದ ಮೊದಲ ದಿನ
ಅಳಿವೆ ಬಾಗಿಲಲ್ಲೇ ದೋಣಿ ಮಗುಚಿತು.
ನಾಲ್ವರೂ ಈಜಿ ಬಂದರು.
ಎಂಜಿನಿಗೆ ಈಜು ಕಲಿಸಿರಲಿಲ್ಲ ಮಾವ.

ಮೊನ್ನೆ ನಿಮ್ಮ ಏಜೆಂಟರು ಬಂದಿದ್ದರು. ಒಳ್ಳೆಯ ಜನ.
ಪುಣೆಯಲ್ಲೊಬ್ಬರ ಹತ್ತಿರ ಅದೇ ಜಾತಿಯ ಬ್ಲಾಕು ಉಂಟಂತೆ,
ಹಳೇ ನಂಬರು ಉಜ್ಜಿ ನಮ್ಮದನ್ನು ಹೊಡೆದರೆ ಸಾಕಂತೆ.
ಅವರು ಹೇಳಿದ ಮೊತ್ತಕ್ಕೆ ಇಂಥ ಲೇತು ಮೂರು ಬರುತ್ತದೆ.
ಅಂಕಿಯ ಪಂಚುಗಳು ನನ್ನಲ್ಲಿವೆ, ಸೊನ್ನೆಯಿಂದ ಒಂಬತ್ತು,
ಮಾವನ ಕಾಲದ್ದು. ಏಳು ಸ್ವಲ್ಪ ಸವೆದಿದೆ.
ರಾತ್ರಿ ಶಟರು ಎಳೆದು
ಒಂದು ತಗಡಿನ ಮೇಲೆ ಹೊಡೆದೂ ನೋಡಿದೆ.
ಚೆಂದವೇ ಬಂತು.

ನಾಲ್ಕನೆಯ ಪುಟದಲ್ಲಿ ಕಡೆಗೆ ಬರೆದದ್ದು ಇಷ್ಟು:
ಎಂಜಿನ್, ಅಳಿವೆಯ ಬಾಯಲ್ಲಿ, ನಾಲ್ಕು ಮಾರು ಆಳ.
ಇಳಿತದ ದಿನ ಯಾರದೋ ಬಲೆ ಅದಕ್ಕೆ ಸಿಕ್ಕಿ
ಹುಡುಗರು ಬೈಯುತ್ತ ಕೊಯ್ಯುತ್ತಾರೆ.

ಎರಡನೆಯ ಪುಟದಲ್ಲಿ ನಿಮ್ಮ ಸೊನ್ನೆಯ ಮೇಲೆ
ಒಂದು ಹೆಬ್ಬೆಟ್ಟಿನಷ್ಟು ಗ್ರೀಸು ಬಿದ್ದಿದೆ.
ಅದು ಮಾತ್ರ ತಿಳಿದೇ ಬಿದ್ದದ್ದು.

ಕಾರು ಬೇಕಾದರೆ ಹಾಗೆಯೇ ಒಯ್ಯಿರಿ.
ಹಂಡೆಯ ಉಳಿದರ್ಧ ತಾಮ್ರ ಇಲ್ಲಿ ಮೊಳೆಗೆ ತೂಗುತ್ತಿದೆ,
ಏಜೆಂಟರು ಅದನ್ನೂ ಕೇಳಿದರು.
ಅದು ಕೊಡಲಿಕ್ಕಿಲ್ಲ.